ರೀಲ್ಸ್ ನೋಡಿ ‘ಇದು ನನ್ನದೇ ಕಾಯಿಲೆ’ ಅನಿಸಿತೇ? ಹೆಸರು ಹಚ್ಚಿಕೊಳ್ಳುವ ಮುಂಚೆ ಕೊಡಗಿನ ಓದುಗರು ಮಾಡಬೇಕಾದ್ದು

ಮನಸ್ಸಿನ ಕಾಯಿಲೆಯ ವಿಡಿಯೊ ನೋಡಿದವರು ಕೇಳುವ ಪ್ರಶ್ನೆ ಒಂದೇ, ವೇಷ ಮಾತ್ರ ಬೇರೆ ಬೇರೆ. “ಎಡಿಎಚ್‌ಡಿಯ (ಗಮನ ನಿಲ್ಲದ ತೊಂದರೆ) ಹತ್ತು ಲಕ್ಷಣದಲ್ಲಿ ಒಂಬತ್ತು ನನಗಿದೆ, ಮಡಿಕೇರಿಯಲ್ಲಿ ಯಾರನ್ನು ನೋಡಬೇಕು?” “ಮಗಳು ತನಗೆ ಬೈಪೋಲಾರ್ ಅಂತಾಳೆ, ನಂಬೋದಾ?” “ಮೊಬೈಲ್ ಟೆಸ್ಟ್‌ನಲ್ಲಿ ಸಿವಿಯರ್ ಡಿಪ್ರೆಷನ್ ಅಂತ ಬಂತು, ಮಾತ್ರೆ ಶುರು ಮಾಡಲಾ?”

ಹೀಗೆ ಕೇಳುವವರನ್ನು ನೋಡಿ ನಗುವವರಿದ್ದಾರೆ. ವರ್ಷಗಟ್ಟಲೆ ‘ಸೋಮಾರಿ’, ‘ಅಹಂಕಾರಿ’, ‘ಲೂಸು’ ಅನಿಸಿಕೊಂಡವರಿಗೆ ತಮ್ಮ ಸಂಕಟಕ್ಕೊಂದು ಹೆಸರಿದೆ ಎಂದು ತಿಳಿದಾಗ ಎದೆ ಹಗುರಾಗುವುದರಲ್ಲಿ ನಗುವಂಥದ್ದೇನೂ ಇಲ್ಲ. ಎಷ್ಟೋ ಸಲ ಅವರ ಅನುಮಾನ ನಿಜವೂ ಆಗಿರುತ್ತದೆ. ತೊಡಕಿರುವುದು ‘ಅನುಮಾನ ಇದೆ’ ಎನ್ನುವುದು ‘ಗೊತ್ತಾಗಿದೆ’ ಆಗುವ ಜಾಗದಲ್ಲಿ. ಅನುಮಾನ ಇರುವವರು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ, ಗೊತ್ತಾಗಿದೆ ಎನ್ನುವವರು ಅಲ್ಲೇ ನಿಂತುಬಿಡುತ್ತಾರೆ. ಅನುಮಾನವನ್ನು ವೈದ್ಯರ ಮೇಜಿನವರೆಗೆ ಸರಿಯಾಗಿ ಒಯ್ಯುವುದು ಹೇಗೆ ಎಂಬುದಷ್ಟೇ ಈ ಲೇಖನ.

ಬೇಕಾಗುವುದು: 14 ದಿನ, ಒಂದು 100 ಪುಟದ ನೋಟ್‌ಬುಕ್, ಶಾಲೆಯ ಹಳೆಯ ಅಂಕಪಟ್ಟಿಗಳು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಆಧಾರ್ ಮತ್ತು ರೇಷನ್ ಕಾರ್ಡ್, ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಒಬ್ಬರು.

ಇವುಗಳಲ್ಲಿ ಒಂದಿದ್ದರೂ 14 ದಿನ ಕಾಯಬೇಡಿ

ಸಾಯುವ ಯೋಚನೆ ಬರುತ್ತಿದ್ದರೆ, ಯಾರೂ ಇಲ್ಲದಾಗ ಧ್ವನಿಗಳು ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆಯೇ ಇಲ್ಲದೆಯೂ ಮೈಯಲ್ಲಿ ಎಲ್ಲಿಲ್ಲದ ಹುರುಪು ತುಂಬಿ ದುಡ್ಡು ಚೆಲ್ಲುತ್ತಿದ್ದರೆ, ಊಟ ನೀರು ಬಿಟ್ಟಿದ್ದರೆ ಇವತ್ತೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ದಿನಾ ಜಾಸ್ತಿ ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದ ಎರಡು ಮೂರು ದಿನಕ್ಕೆ ಕೈನಡುಕ, ಫಿಟ್ಸ್, ಗೊಂದಲ ಶುರುವಾದರೂ ಅಷ್ಟೇ. ಅದು ‘ಆಂಗ್ಸೈಟಿ’ ಆಗಿರುವುದಿಲ್ಲ, ಜೀವಕ್ಕೆ ಅಪಾಯ ತರುವ ಸ್ಥಿತಿ. ಆಂಬುಲೆನ್ಸ್‌ಗೆ 108. ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416: ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು.

ನಮ್ಮ ಜಿಲ್ಲೆಗೆಂದೇ ಇನ್ನೊಂದು ಮಾತು. ಬಹಳ ಮನೆಗಳಲ್ಲಿ ಕೋವಿ ಇದೆ, ತೋಟದ ಸ್ಟೋರಿನಲ್ಲಿ ಗಿಡಕ್ಕೆ ಹೊಡೆಯುವ ಔಷಧಿ ಡಬ್ಬಗಳಿವೆ. ಮನೆಯಲ್ಲಿ ಒಬ್ಬರು ಸಾಯುವ ಮಾತಾಡುತ್ತಿದ್ದರೆ ಕೋವಿಯನ್ನೂ ತೋಟಾವನ್ನೂ ಅವತ್ತೇ ಒಕ್ಕದ (ಮನೆತನದ) ಇನ್ನೊಂದು ಮನೆಗೆ ಅಥವಾ ಕಾನೂನುಬದ್ಧವಾಗಿ ಇಟ್ಟುಕೊಳ್ಳಬಲ್ಲ ಇನ್ನೊಬ್ಬರಿಗೆ ಕೊಡಿ, ಸ್ಟೋರಿನ ಕೀಲಿ ಬೇರೆಯವರ ಕೈಯಲ್ಲಿರಲಿ. ಮರ್ಯಾದೆ ಪ್ರಶ್ನೆ ಮಾಡಿಕೊಳ್ಳಬೇಡಿ. ಅಂಥ ಗಳಿಗೆ ಸಾಮಾನ್ಯವಾಗಿ ಬಂದು ಹೋಗುತ್ತದೆ. ಬಂದಾಗ ಕೈಗೆ ಏನೂ ಸಿಗದಿರುವುದೇ ಜೀವ ಉಳಿಸುತ್ತದೆ.

1. ಹೆಸರು ಯಾಕೆ ಬೇಕು? ಮೊದಲ ಪುಟದಲ್ಲಿ ಬರೆಯಿರಿ

ಉತ್ತರ ಬದಲಾದರೆ ಹೋಗಬೇಕಾದ ಜಾಗವೂ ಬದಲಾಗುತ್ತದೆ.

ನಿದ್ದೆ ಬರಬೇಕು, ಕೆಲಸ ಸಾಗಬೇಕು ಎಂದಿದ್ದರೆ ನಿಮಗೆ ಬೇಕಿರುವುದು ಚಿಕಿತ್ಸೆ. ಅದು ಎಷ್ಟೋ ಸಲ ಖಚಿತ ಹೆಸರಿಗೆ ಮುಂಚೆಯೇ ಶುರುವಾಗುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಕೆಲಸದಲ್ಲಿ ರಿಯಾಯಿತಿ ಬೇಕಿದ್ದರೆ ಬೇಕಿರುವುದು ದಾಖಲೆ. ಅದಕ್ಕೆ ಕೌನ್ಸೆಲರ್ ಪತ್ರ ಸಾಲದು. ಶಾಲೆ, ಮಂಡಳಿ ಅಥವಾ ಕಚೇರಿ ಯಾರ ಸಹಿ ಕೇಳುತ್ತದೆ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಇಲ್ಲವಾದರೆ ಮೈಸೂರಿಗೆ ಎರಡೆರಡು ಸಲ ಬಸ್ ಹತ್ತಬೇಕಾಗುತ್ತದೆ.

‘ಮನೆಯವರು ನಂಬಬೇಕು’ ಎಂದು ಬರೆದಿದ್ದರೆ ಸ್ವಲ್ಪ ನಿಲ್ಲಿ. ಹೆಸರು ಕೇಳಿದ ತಕ್ಷಣ ನಂಬುವ ಮನೆಗಳು ಕಡಿಮೆ. ಡಾಕ್ಟರ ಎದುರು ಅವರನ್ನೂ ಕೂರಿಸಿ ಮಾತಾಡಿಸುವುದು ಚೀಟಿ ತೋರಿಸುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

‘ನಾನು ಯಾರು ಅಂತ ತಿಳಿಯಬೇಕು, ನನ್ನಂಥವರು ಸಿಗಬೇಕು’ ಎಂಬ ಉತ್ತರವೂ ಬರಬಹುದು. ತಪ್ಪಿಲ್ಲ. ಆದರೆ ಹೆಸರು ತಗುಲಿದ ಮೇಲೆ ಮನಸ್ಸು ಅದಕ್ಕೆ ಹೊಂದುವುದನ್ನೇ ಹೆಕ್ಕುತ್ತದೆ. ಕೀಲಿ ಮರೆತ ದಿನ ‘ನೋಡು, ಎಡಿಎಚ್‌ಡಿ’ ಅನಿಸುತ್ತದೆ, ಮರೆಯದ 29 ದಿನ ಲೆಕ್ಕಕ್ಕೇ ಬರುವುದಿಲ್ಲ. ಜೊತೆಗೆ ಮೊಬೈಲ್ ಕೂಡ ನೀವು ನೋಡಿದ್ದನ್ನೇ ಮತ್ತೆ ಮತ್ತೆ ಮುಂದಿಡುತ್ತದೆ. ಹಾಗಾಗಿ ಮುಂದಿನ 14 ದಿನ ಈ ವಿಷಯದ ವಿಡಿಯೊ ನೋಡಬೇಡಿ. ಇಡೀ ಮಾರ್ಗದರ್ಶಿಯಲ್ಲಿ ಓದುಗರು ಮೊದಲು ಮುರಿಯುವ ನಿಯಮ ಇದೇ.

2. ವಿಡಿಯೊದ ಲಕ್ಷಣವನ್ನು ಮೂರು ಪ್ರಶ್ನೆಯಿಂದ ಸೋಸಿ

ಟಿಕ್‌ಟಾಕ್‌ನಲ್ಲಿ ಎಡಿಎಚ್‌ಡಿ ಬಗ್ಗೆ ಅತಿ ಹೆಚ್ಚು ಜನ ನೋಡಿದ್ದ 100 ವಿಡಿಯೊಗಳನ್ನು ಕೆನಡಾದ ಸಂಶೋಧಕರು ಪರಿಶೀಲಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. 52 ವಿಡಿಯೊಗಳು ದಾರಿ ತಪ್ಪಿಸುವಂತಿದ್ದವು. ಎಲ್ಲ ಮನುಷ್ಯರಿಗೂ ಇರುವ ಅಭ್ಯಾಸಗಳನ್ನು ಕಾಯಿಲೆಯ ಗುರುತೆಂದು ತೋರಿಸುವುದು ಅಂಥ ವಿಡಿಯೊಗಳ ಸಾಮಾನ್ಯ ದೋಷ.

ಮೂರು ಪ್ರಶ್ನೆ: ಎಷ್ಟು ಕಾಲದಿಂದ? ಎಷ್ಟು ಜಾಗದಲ್ಲಿ? ಇದರಿಂದ ಏನು ಕೆಟ್ಟಿದೆ? ಮೂರನೆಯದಕ್ಕೆ ಉತ್ತರ ‘ಏನಿಲ್ಲ’ ಎಂದಾದರೆ ಅದು ಬಹುಮಟ್ಟಿಗೆ ಸ್ವಭಾವ. ಈಗ ಒಂದೊಂದು ಹೆಸರಿಗೂ ವೈದ್ಯರು ಹಿಡಿಯುವ ಅಳತೆ ನೋಡೋಣ. ಇದು ನೀವೇ ತೀರ್ಪು ಕೊಡಲಿಕ್ಕಲ್ಲ, ಎಲ್ಲಿ ಅಂತರವಿದೆ ಎಂದು ತಿಳಿಯಲಿಕ್ಕೆ.

ಖಿನ್ನತೆ, ಅಂದರೆ ಡಿಪ್ರೆಷನ್: ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ಹೆಚ್ಚುಕಡಿಮೆ ದಿನವಿಡೀ, ಎರಡು ವಾರ. ಐದರಲ್ಲಿ ಒಂದು ‘ಮನಸ್ಸು ಕುಗ್ಗಿರುವುದು’ ಅಥವಾ ‘ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು’ ಆಗಿರಲೇಬೇಕು. ಹಾಕಿ ಮ್ಯಾಚ್ ಸೋತು ಎರಡು ದಿನ ಮಂಕಾಗಿರುವುದು ಇದರಲ್ಲಿ ಬರುವುದಿಲ್ಲ. ಪುತ್ತರಿಗೆ ಮನೆ ತುಂಬ ನೆಂಟರಿದ್ದು, ವರ್ಷವಿಡೀ ಕಾದಿದ್ದ ಕೋಲಾಟಕ್ಕೂ ಹೊರಗೆ ಬರಲು ಮನಸ್ಸಾಗದೆ ವಾರಗಟ್ಟಲೆ ಕೋಣೆಯಲ್ಲೇ ಉಳಿದರೆ ಕೇಳಿಸಬೇಕಾದ ವಿಷಯ.

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದಿರುವ, ಚಡಪಡಿಕೆಯ ತೊಂದರೆ: ಕೆಲವು ಲಕ್ಷಣಗಳಾದರೂ 12 ವರ್ಷದೊಳಗೆ ಕಂಡಿರಬೇಕು, ಮನೆ, ಶಾಲೆ, ಕೆಲಸ ಹೀಗೆ ಎರಡಾದರೂ ಜಾಗದಲ್ಲಿ ಕಾಣಬೇಕು, ಆರು ತಿಂಗಳಾದರೂ ಇರಬೇಕು. ಪಿಯುಸಿವರೆಗೆ ನೆಟ್ಟಗೆ ಓದಿ, ಕೈಗೆ ಸ್ಮಾರ್ಟ್‌ಫೋನ್ ಬಂದ ಮೇಲಷ್ಟೇ ಗಮನ ಹೋದರೆ ಮೊದಲು ನಿದ್ದೆಯನ್ನೂ ಫೋನನ್ನೂ ವಿಚಾರಿಸಬೇಕು. ಹಾಗೆಂದು ಅಂಕ ಚೆನ್ನಾಗಿದ್ದವರಿಗೆ ಎಡಿಎಚ್‌ಡಿ ಇರಲಾರದು ಎಂಬುದೂ ತಪ್ಪು. ಜಾಣ ಮಕ್ಕಳು, ಅದರಲ್ಲೂ ಗಲಾಟೆ ಮಾಡದ ಹುಡುಗಿಯರು, ಯಾರ ಕಣ್ಣಿಗೂ ಬೀಳದೆ ಉಳಿಯುವುದುಂಟು.

ಬೈಪೋಲಾರ್, ಅಂದರೆ ಅತಿ ಹುರುಪಿನ ಮತ್ತು ಖಿನ್ನತೆಯ ಅವಸ್ಥೆಗಳು ಬಂದು ಹೋಗುವ ಕಾಯಿಲೆ: ಬೆಳಿಗ್ಗೆ ಖುಷಿ, ಸಂಜೆ ಸಿಟ್ಟು ಆಗುವುದು ಇದಲ್ಲ. ಹುರುಪಿನ ಅವಸ್ಥೆ ಸೌಮ್ಯ ರೂಪದಲ್ಲಿದ್ದರೂ ಒಂದೇ ಸಮನೆ ನಾಲ್ಕು ದಿನ, ತೀವ್ರ ರೂಪದಲ್ಲಿ ಒಂದು ವಾರ ಇರಬೇಕು. ನಿದ್ದೆ ಕಡಿಮೆಯಾದರೂ ಆಯಾಸ ಕಾಣುವುದಿಲ್ಲ, ಮಾತು ನಿಲ್ಲುವುದಿಲ್ಲ, ನೋಡಿದವರು ‘ಇವನು ಇವನಂತಿಲ್ಲ’ ಎನ್ನುತ್ತಾರೆ.

ಓಸಿಡಿ, ಅಂದರೆ ಗೀಳು: ಕಪಾಟನ್ನು ಓರಣವಾಗಿಡುವುದು ಓಸಿಡಿ ಅಲ್ಲ. ಬೇಡವೆಂದರೂ ನುಗ್ಗುವ ಯೋಚನೆ, ಅದನ್ನು ತಣಿಸಲು ಮಾಡಲೇಬೇಕೆನಿಸುವ ಕೆಲಸ, ಇದಕ್ಕೆಲ್ಲ ದಿನಕ್ಕೆ ಒಂದು ಗಂಟೆಗೂ ಮೀರಿ ಹೋಗುವುದು ಅಥವಾ ಬದುಕೇ ಕಷ್ಟವಾಗುವುದು ಇದರ ಗುರುತು.

ಟ್ರಾಮಾ ಎಂಬ ಪದ ಈಗ ಎಲ್ಲದಕ್ಕೂ ಬಳಕೆಯಾಗುತ್ತಿದೆ. ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮನಸ್ಸಿನ ತೊಂದರೆ) ಎನ್ನಲು ಜೀವಕ್ಕೇ ಬಂದ ಅಪಾಯದಂಥ ಘಟನೆಯ ಅನುಭವವಿರಬೇಕು, ತೊಂದರೆ ಒಂದು ತಿಂಗಳು ಮೀರಿರಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಬಿಟ್ಟು ಓಡಿದವರಿಗೆ ಜೋರು ಮಳೆಯ ಸದ್ದಿಗೆ ಎದೆ ನಡುಗಿದರೆ ಅದಷ್ಟೇ ಕಾಯಿಲೆ ಆಗುವುದಿಲ್ಲ, ಬರೆಯ ಪಕ್ಕ ವಾಸವಿರುವವರಿಗೆ ಆ ಭಯ ಬುದ್ಧಿವಂತಿಕೆಯೂ ಹೌದು. ಬಿಸಿಲಲ್ಲೂ ಆ ದೃಶ್ಯ ಕಣ್ಣಿಗೆ ಕಟ್ಟುವುದು, ಕೆಟ್ಟ ಕನಸು, ಆ ರಸ್ತೆಗೇ ಹೋಗದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು ಮುಂದುವರಿದಿದ್ದರೆ ಮಾತ್ರ ತಡ ಮಾಡಬೇಡಿ. ಇಷ್ಟು ವರ್ಷದ ಮೇಲೂ ಇದಕ್ಕೆ ಚಿಕಿತ್ಸೆ ಇದೆ.

3. ಹದಿನಾಲ್ಕು ದಿನದ ನೋಟ್‌ಬುಕ್

ಪ್ರತಿ ರಾತ್ರಿ ಐದು ನಿಮಿಷ ಸಾಕು. ಬರೆಯಬೇಕಾದ್ದು: ಮಲಗಿದ್ದು, ಎದ್ದದ್ದು, ನಡುವೆ ಎಷ್ಟು ಸಲ ಎಚ್ಚರ. ಮನಸ್ಸಿನ ಸ್ಥಿತಿಗೆ 0ರಿಂದ 10ರೊಳಗೆ ಒಂದು ಅಂಕ. ಅವತ್ತು ಮಾಡಲಾಗದೆ ಉಳಿದ ಒಂದು ಕೆಲಸ, ಸರಿಯಾಗಿ ಆದ ಒಂದು ಕೆಲಸ. ಹೆಂಗಸರಾದರೆ ಮುಟ್ಟಿನ ದಿನಾಂಕ. ಕಾಫಿ ಎಷ್ಟು ಲೋಟ, ಕೊನೆಯದು ಎಷ್ಟು ಗಂಟೆಗೆ. ಮದ್ಯ ಎಷ್ಟು.

ಕೊನೆಯ ಎರಡನ್ನು ನಮ್ಮ ಕಡೆ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊಡಗಿನಲ್ಲಿ ಹೆಚ್ಚು ಬೆಳೆಯುವ ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟಿರುತ್ತದೆ. ಕುಡಿದ ಕೆಫೀನಿನ ಅರ್ಧ ಮೈಯಿಂದ ಹೋಗಲು ಐದು ಗಂಟೆಯಷ್ಟು ಬೇಕು. ದಿನಕ್ಕೆ ಆರು ಲೋಟ ಬೆಲ್ಲದ ಕಾಫಿ, ಕೊನೆಯದು ಸಂಜೆ ಏಳಕ್ಕೆ ಎಂದಾದರೆ ಎದೆ ಹೊಡೆತ, ಕೈನಡುಕ, ರಾತ್ರಿ ನಿದ್ದೆ ಬಾರದಿರುವುದು ಎಲ್ಲವೂ ಆತಂಕದ ಕಾಯಿಲೆಯ ಹಾಗೆಯೇ ಕಾಣುತ್ತದೆ. ಒಮ್ಮೆಗೇ ಬಿಟ್ಟರೆ ತಲೆನೋವು ಬರುತ್ತದೆ, ವಾರಕ್ಕೆ ಒಂದೆರಡು ಲೋಟದಂತೆ ಇಳಿಸಿ.

ಮದ್ಯವನ್ನು ‘ಸ್ವಲ್ಪ’ ಎಂದು ಬರೆಯಬೇಡಿ, ಪೆಗ್ ಲೆಕ್ಕದಲ್ಲಿ ಬರೆಯಿರಿ. ಸಣ್ಣದು 30 ಮಿಲಿ, ದೊಡ್ಡದು 60. ಮನೆಯಲ್ಲೇ ಅಳೆಯದೆ ಸುರಿಯುವವರು ಬಾಟಲಿ ಎಷ್ಟು ದಿನಕ್ಕೆ ಮುಗಿಯಿತು ಎಂದು ಬರೆದರೆ ಸಾಕು. ಮದ್ಯವೇ ಖಿನ್ನತೆಯನ್ನೂ ಆತಂಕವನ್ನೂ ತರಬಲ್ಲದು. ಅದಕ್ಕೇ ವೈದ್ಯರು ಕೆಲವೊಮ್ಮೆ ಕುಡಿತ ನಿಂತು ಮೂರು ನಾಲ್ಕು ವಾರವಾದ ಮೇಲಷ್ಟೇ ಹೆಸರು ಹೇಳುತ್ತಾರೆ.

ಕಕ್ಕಡದಲ್ಲಿ, ಅಂದರೆ ಜೋರು ಮಳೆಯ ತಿಂಗಳಲ್ಲಿ ಬರೆಯುತ್ತಿದ್ದರೆ ಅದನ್ನೂ ಗುರುತು ಹಾಕಿ. ವಾರಗಟ್ಟಲೆ ಬಿಸಿಲಿಲ್ಲ, ಕರೆಂಟಿಲ್ಲ, ಹೊರಗೆ ಕಾಲಿಡುವ ಹಾಗಿಲ್ಲ ಎಂದಾಗಿನ ಮಂಕು ಮಳೆ ಬಿಟ್ಟ ಮೇಲೂ ಉಳಿಯುತ್ತದೆಯೇ ಎಂಬುದು ವೈದ್ಯರಿಗೆ ಬೇಕಾದ ಮಾಹಿತಿ.

4. ಪ್ರಶ್ನಾವಳಿ ತುಂಬುವುದಿದ್ದರೆ

ಮೊಬೈಲ್‌ನಲ್ಲಿ ಸಿಗುವ ನೂರಾರು ಕ್ವಿಜ್ ಬಿಟ್ಟುಬಿಡಿ. ವೈದ್ಯರೇ ಬಳಸುವಂಥವು ಮೂರು ಸಾಕು.

ಪಿಎಚ್‌ಕ್ಯೂ-9 ಖಿನ್ನತೆಗೆ. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ, ಕನ್ನಡದಲ್ಲೂ ಇದೆ. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಸಾಕಷ್ಟು ತೀವ್ರ, 20ರಿಂದ ತೀವ್ರ. ಸಾಯುವ ಯೋಚನೆಯ ಒಂಬತ್ತನೇ ಪ್ರಶ್ನೆಗೆ ‘ಇಲ್ಲವೇ ಇಲ್ಲ’ ಬಿಟ್ಟು ಬೇರೇನೇ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಮೇಲಿನ ತುರ್ತು ಭಾಗಕ್ಕೆ ಹೋಗಿ. ಜಿಎಡಿ-7 ಆತಂಕಕ್ಕೆ, ಒಟ್ಟು 21, ಅಲ್ಲಿ 10 ಅಥವಾ ಹೆಚ್ಚು ಬಂದರೆ ತೋರಿಸಿಕೊಳ್ಳಬೇಕು. ವಯಸ್ಕರ ಎಡಿಎಚ್‌ಡಿಗೆ ಎಎಸ್‌ಆರ್‌ಎಸ್: 18 ಪ್ರಶ್ನೆಗಳಲ್ಲಿ ಮೊದಲ ಆರು ಮುಖ್ಯ, ಅವುಗಳಲ್ಲಿ ನಾಲ್ಕು ಗುರುತು ಮಾಡಿದ ಚೌಕದಲ್ಲಿ ಬಿದ್ದರೆ ಮುಂದಿನ ಪರೀಕ್ಷೆ ಬೇಕು.

ಇವೆಲ್ಲ ಜರಡಿಗಳು. ಕಾಫಿ ಬೀಜದ ಜರಡಿ ಹಿಡಿದವರಿಗೆ ಗೊತ್ತು, ಬೇಡದ್ದೂ ಸ್ವಲ್ಪ ನಿಲ್ಲುತ್ತದೆ, ಬೇಕಾದ್ದೂ ಸ್ವಲ್ಪ ಉದುರುತ್ತದೆ. ಲೆಕ್ಕ ಬೇಕಿದ್ದರೆ ಕಲ್ಪಿತ ಅಂಕಿಗಳಲ್ಲಿ ನೋಡಿ. 1000 ಜನರಲ್ಲಿ 50 ಜನಕ್ಕೆ ಕಾಯಿಲೆ ಇದೆ ಎನ್ನಿ. ಜರಡಿ ಕಾಯಿಲೆ ಇರುವ 100ರಲ್ಲಿ 80 ಜನರನ್ನು ಹಿಡಿಯುತ್ತದೆ, ಇಲ್ಲದ 100ರಲ್ಲಿ 10 ಜನರನ್ನು ತಪ್ಪಾಗಿ ಹಿಡಿಯುತ್ತದೆ ಎನ್ನಿ. ಆಗ ನಿಜವಾದ 40 ಜನರ ಜೊತೆ, ಕಾಯಿಲೆಯಿಲ್ಲದ 950ರಲ್ಲಿ 95 ಜನ ಸಿಕ್ಕಿಬೀಳುತ್ತಾರೆ. ‘ಪಾಸಿಟಿವ್’ ಬಂದ 135 ಜನರಲ್ಲಿ ಕಾಯಿಲೆ ಇರುವವರು ಮೂರನೇ ಒಂದು ಭಾಗವೂ ಇಲ್ಲ.

ಆಗುವ ತಪ್ಪುಗಳು: ಜಗಳವಾದ ರಾತ್ರಿಯೇ ತುಂಬುವುದು, ದಿನಾ ತುಂಬುವುದು, ಮನಸ್ಸಿಗೆ ಒಪ್ಪುವ ಅಂಕ ಬರುವವರೆಗೆ ತುಂಬುವುದು. 14ನೇ ದಿನ ಒಮ್ಮೆ ತುಂಬಿ, ಹಾಳೆಯನ್ನು ನೋಟ್‌ಬುಕ್‌ಗೆ ಅಂಟಿಸಿ.

5. ಮೈಯನ್ನು ಮೊದಲು ನೋಡಿಸಿ

ಥೈರಾಯ್ಡ್ ಕಡಿಮೆಯಾದರೆ ಖಿನ್ನತೆಯಂತೆ, ಜಾಸ್ತಿಯಾದರೆ ಆತಂಕದಂತೆ ಕಾಣುತ್ತದೆ. ರಕ್ತಹೀನತೆ, ಬಿ12 ಕೊರತೆ ಸುಸ್ತನ್ನೂ ಮರೆವನ್ನೂ ತರುತ್ತವೆ. ಗೊರಕೆಯ ನಡುವೆ ಉಸಿರು ಕಟ್ಟುವವರಿಗೆ ಹಗಲಿಡೀ ಗಮನ ಇರುವುದಿಲ್ಲ. ನಿಮ್ಮ ಎಂದಿನ ಡಾಕ್ಟರಲ್ಲಿ ಹಿಮೋಗ್ಲೋಬಿನ್, ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆ, ಬಿ12, ಸಕ್ಕರೆ ಇವುಗಳ ಅಗತ್ಯವಿದೆಯೇ ಎಂದು ಕೇಳಿ. ವರದಿ ಕೈಯಲ್ಲಿದ್ದರೆ ಮನೋವೈದ್ಯರ ಹತ್ತಿರ ಒಂದು ಸುತ್ತು ಉಳಿಯುತ್ತದೆ.

ನೆಂಟರ ಮನೆಯ ಅಲ್‌ಪ್ರಜೋಲಾಮ್ ಮಾತ್ರೆ ನುಂಗಿ ‘ನನಗೆ ಸೂಟ್ ಆಯ್ತು, ಅಂದರೆ ಆಂಗ್ಸೈಟಿ ಇದೆ’ ಎಂದು ತೀರ್ಮಾನಿಸುವವರಿದ್ದಾರೆ. ಅದು ಯಾರಿಗೆ ಕೊಟ್ಟರೂ ಮಂಪರು ತರುವ ಮಾತ್ರೆ, ಚಟವಾಗುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ.

6. ಯಾರ ಹತ್ತಿರ, ಎಲ್ಲಿ?

ಮನೋವೈದ್ಯರು ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆಗಳನ್ನೂ ಮಾತಿನ ಚಿಕಿತ್ಸೆಯನ್ನೂ ಮಾಡುತ್ತಾರೆ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಕೇಳಿ, ಸರಿಯಾದವರು ಬೇಸರಪಡುವುದಿಲ್ಲ. ಕೌನ್ಸೆಲರ್ ಎಂಬ ಬೋರ್ಡನ್ನು ಮಾತ್ರ ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿದವರೂ ಹಾಕಿಕೊಂಡಿರುತ್ತಾರೆ. ಮಾತಾಡಿ ಹಗುರಾಗಲು ಅವರಿಂದ ಸಹಾಯವಾಗಬಹುದು, ಕಾಯಿಲೆಯ ಹೆಸರು ಅವರಿಂದ ಬೇಡ.

ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಗೆ, ಅಂದರೆ ಜಿಲ್ಲಾಸ್ಪತ್ರೆಗೆ ಹೋಗಿ ಮನೋವೈದ್ಯ ವಿಭಾಗದ ಒಪಿಡಿ ಚೀಟಿ ಮಾಡಿಸಿ. ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಮೊದಲು ತಾಲೂಕು ಆಸ್ಪತ್ರೆಗೆ ಫೋನ್ ಮಾಡಿ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಇದೆ, ಸಾಮಾನ್ಯವಾಗಿ ಮಂಗಳವಾರ. ದಿನ ಖಚಿತ ಮಾಡಿಕೊಂಡೇ ಹೊರಡಿ. ಚಿಕ್ಕ ಮಕ್ಕಳ ಮಾತು ತಡವಾಗುವುದು, ಆಟಿಸಂ, ಕಲಿಕೆಯ ತೊಂದರೆ ಇವಕ್ಕೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರದ ಒಳ್ಳೆಯ ಜಾಗ. ಬೆಂಗಳೂರಿನ ನಿಮ್ಹಾನ್ಸ್ ಗೊಂದಲದ ಪ್ರಕರಣಕ್ಕಿರಲಿ, ಮೊದಲ ಭೇಟಿಗೇ 250 ಕಿಲೋಮೀಟರ್ ಹೋಗಬೇಕಾಗಿಲ್ಲ.

‘ಒಪಿಡಿ ಸಾಲಲ್ಲಿ ಯಾರಾದರೂ ಪರಿಚಯದವರು ಸಿಕ್ಕರೆ?’ ಸಿಗುತ್ತಾರೆ, ಕೊಡಗು ಅಷ್ಟೇ ದೊಡ್ಡದು. ಅದು ಸಹಿಸಲಾಗದಿದ್ದರೆ 14416ರಿಂದ ಶುರು ಮಾಡಿ.

7. ಕೋಣೆಯೊಳಗೆ

ಸರ್ಕಾರಿ ಒಪಿಡಿಯಲ್ಲಿ ಸಮಯ ಕಡಿಮೆ. ಮೊದಲ ವಾಕ್ಯ ಮನೆಯಲ್ಲೇ ಬರೆದುಕೊಂಡು ಹೋಗಿ. “ಡಾಕ್ಟ್ರೇ, ನನಗೆ ಎಡಿಎಚ್‌ಡಿ” ಎಂದರೆ ಮಾತು ಆ ಹೆಸರಿನ ಸುತ್ತಲೇ ತಿರುಗುತ್ತದೆ. “ಶಾಲೆಯಿಂದಲೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಈ ವರ್ಷ ಎರಡು ಕೆಲಸ ಬಿಟ್ಟೆ, ಬ್ಯಾಂಕಿನ ಕಂತು ಮೂರು ಸಲ ಮರೆತೆ, ರಾತ್ರಿ ಎರಡಕ್ಕೆ ಮಲಗುತ್ತೇನೆ” ಎಂದರೆ ಅವರಿಗೆ ಹಿಡಿಯಲು ಏನಾದರೂ ಸಿಗುತ್ತದೆ. ಕೊನೆಯಲ್ಲಿ “ವಿಡಿಯೊ ನೋಡಿ ಎಡಿಎಚ್‌ಡಿ ಇರಬಹುದಾ ಅನಿಸಿದೆ” ಎಂದೂ ಹೇಳಿ. ಬಚ್ಚಿಡಬೇಕಾದ್ದು ಅದರಲ್ಲೇನಿಲ್ಲ.

ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಬೇಡಿ. ಪಟ್ಟಿಯ ಭಾಷೆಯಲ್ಲೇ ಉತ್ತರಿಸಿದರೆ ನಿಜವಾದ ಕಷ್ಟವೂ ಕಲಿತು ಬಂದ ಹಾಗೆ ಕೇಳಿಸುತ್ತದೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಮನೆಮಾತಾದವರು ಸಂಕಟವನ್ನು ಮನೆಯಲ್ಲಿ ಹೇಳುವ ಪದದಲ್ಲೇ ಒಮ್ಮೆ ಹೇಳಿ, ಆಮೇಲೆ ಜೊತೆಗಿರುವವರು ಕನ್ನಡಕ್ಕೆ ಬಿಡಿಸಿ ಹೇಳಲಿ. ಎಲ್ಲವನ್ನೂ ‘ಟೆನ್ಷನ್’ ಎಂಬ ಒಂದೇ ಪದಕ್ಕೆ ತುರುಕಿದರೆ ಭಯವೂ ದುಃಖವೂ ಸಿಟ್ಟೂ ಒಂದೇ ಆಗಿಬಿಡುತ್ತವೆ.

ಅಪ್ಪ, ಅವ್ವ, ಅಜ್ಜ, ಚಿಕ್ಕಪ್ಪ ಯಾರಿಗಾದರೂ ಬೈಪೋಲಾರ್, ಆತ್ಮಹತ್ಯೆ, ವಿಪರೀತ ಕುಡಿತದ ಇತಿಹಾಸವಿದ್ದರೆ ಮುಚ್ಚಿಡಬೇಡಿ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಹುರುಪಿನ ಅವಸ್ಥೆ ಕೆರಳಬಹುದು. ಮನೆತನದ ಮಾನ ಕಾಯಲು ಹೋಗಿ ಆಗುವ ಎಡವಟ್ಟು ಇದು.

ಹೊರಡುವ ಮುಂಚೆ ಎರಡು ಪ್ರಶ್ನೆ ಕೇಳಿ: “ಏನೆಂದು ಬರೆದಿದ್ದೀರಿ? ಇದು ಖಚಿತವೇ, ಸದ್ಯಕ್ಕೆ ಹಿಡಿದ ಹೆಸರೇ?” ಚೀಟಿಯಲ್ಲಿ ಕೆಲವೊಮ್ಮೆ ಸಂಕೇತವಷ್ಟೇ ಇರುತ್ತದೆ. ಎಫ್32 ಎಂದರೆ ಖಿನ್ನತೆಯ ಅವಧಿ, ಎಫ್41 ಆತಂಕದ ತೊಂದರೆಗಳು, ಎಫ್90 ಎಡಿಎಚ್‌ಡಿ ಗುಂಪು, ಎಫ್43.2 ಬದುಕಿನ ದೊಡ್ಡ ಬದಲಾವಣೆಗೆ ಹೊಂದಿಕೊಳ್ಳಲಾಗದ ಸಂಕಟ. ಎರಡು ಮೂರು ಭೇಟಿಯಾದರೂ ಹೆಸರು ಹೇಳದಿದ್ದರೆ ಅದು ಅಸಡ್ಡೆ ಎಂದುಕೊಳ್ಳಬೇಡಿ. ಆತುರಪಡದ ವೈದ್ಯರು ಸಿಕ್ಕಿದ್ದಾರೆ.

8. ಬಂದ ಮೇಲೆ

ಹೆಸರು ಸಿಗದಿದ್ದರೆ ಕಷ್ಟ ಸುಳ್ಳು ಎಂದಾಗುವುದಿಲ್ಲ. “ಹಾಗಾದರೆ ನನ್ನ ನಿದ್ದೆಗೆ, ಗಮನಕ್ಕೆ ಏನು ಮಾಡಲಿ?” ಎಂದು ಕೇಳಿ ಬನ್ನಿ. ಒಪ್ಪಿಗೆಯಾಗದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಬಹುದು, ಮೊದಲ ಚೀಟಿಯನ್ನೂ ತೋರಿಸಿ. ಬೇಕಾದ ಹೆಸರು ಸಿಗುವವರೆಗೆ ಐದಾರು ಕಡೆ ಅಲೆದರೆ ಕೊನೆಗೆ ಯಾರೋ ಒಬ್ಬರು ಬರೆದುಕೊಟ್ಟಾರು, ಉಪಯೋಗವಿಲ್ಲ.

ಹೆಸರು ಸಿಕ್ಕರೆ ಅವತ್ತೇ ಸ್ಟೇಟಸ್ ಹಾಕಬೇಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಸೆಕ್ಷನ್ 23 ನಿಮ್ಮ ಮಾಹಿತಿಯನ್ನು ಗುಟ್ಟಾಗಿಡಲು ಆಸ್ಪತ್ರೆಯನ್ನು ಕಟ್ಟಿಹಾಕುತ್ತದೆ, ಸೆಕ್ಷನ್ 25 ನಿಮ್ಮ ದಾಖಲೆ ನೋಡುವ ಹಕ್ಕನ್ನು ನಿಮಗೆ ಕೊಡುತ್ತದೆ. ನೀವೇ ಊರಿಗೆಲ್ಲ ಹೇಳಿದ್ದನ್ನು ಹಿಂದಕ್ಕೆ ಪಡೆಯುವ ಕಾನೂನು ಇಲ್ಲ. ವಿಮೆಯ ಅರ್ಜಿಯಲ್ಲಿ ಕೇಳಿದರೆ ಮಾತ್ರ ಮುಚ್ಚಿಡಬೇಡಿ, ಆಮೇಲೆ ಕ್ಲೇಮ್ ತಿರಸ್ಕರಿಸಲು ಅದೇ ನೆಪವಾಗುತ್ತದೆ.

ಸರ್ಕಾರಿ ಸೌಲಭ್ಯಕ್ಕೆ ಕಾಯಿಲೆಯ ಹೆಸರು ಸಾಲದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆ, ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಇವೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಮೀಸಲಾತಿಯಂಥ ಸೌಲಭ್ಯಕ್ಕೆ ಶೇ 40ರಷ್ಟು ನ್ಯೂನತೆ ಎಂದು ಅಧಿಕೃತ ವೈದ್ಯಕೀಯ ಪ್ರಾಧಿಕಾರ ಪ್ರಮಾಣೀಕರಿಸಬೇಕು. ಅರ್ಜಿ ಅಂಗವಿಕಲರ ಗುರುತಿನ ಚೀಟಿಯ ಯುಡಿಐಡಿ ಪೋರ್ಟಲ್‌ನಲ್ಲಿ.

ಖಿನ್ನತೆಯ ಮಾತ್ರೆ ಪೂರ್ತಿ ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು. ವಾಕರಿಕೆಯಂಥ ಅಡ್ಡಪರಿಣಾಮಗಳು ಮಾತ್ರ ಮೊದಲ ವಾರವೇ ಬರುತ್ತವೆ. ಅದಕ್ಕೇ ಎಷ್ಟೋ ಜನ ಎಂಟನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಬಿಡುವ ಮುಂಚೆ ಫೋನ್ ಮಾಡಿ. ಮನೆಯವರು ದೇವಸ್ಥಾನಕ್ಕೋ ಕಣಿ ಕೇಳಲಿಕ್ಕೋ ಕರೆದರೆ ಜಗಳ ಬೇಡ, ಹೋಗಿ ಬನ್ನಿ, ಮಾತ್ರೆ ತಪ್ಪಿಸಬೇಡಿ.

ಮಳೆಗಾಲಕ್ಕೆ ಮುಂಚಿನ ಭೇಟಿಯನ್ನು ಮೇ ಕೊನೆಯೊಳಗೆ ಮುಗಿಸಿ. ಮರ ಬಿದ್ದು ರಸ್ತೆ ಮುಚ್ಚುವ ದಿನಗಳಿಗೆಂದು ಎರಡು ವಾರದ ಮಾತ್ರೆ ಹೆಚ್ಚಿಗೆ ಬರೆದುಕೊಡಲು ಕೇಳಿ. ಸಾಯುವ ಯೋಚನೆ ಹಿಂದೆ ಯಾವಾಗಲಾದರೂ ಬಂದಿದ್ದರೆ ಆ ಮಾತ್ರೆ ಮನೆಯ ಇನ್ನೊಬ್ಬರ ಬೀಗದಲ್ಲಿರಲಿ, ವಾರಕ್ಕೆ ಏಳರಂತೆ ಎಣಿಸಿ ಕೊಡಲಿ.